ಬಸವಣ್ಣೆಪ್ಪನ ದೊಡ್ಡ ಮಗ

ಸಂಕ್ರಾಂತಿಗೆ ಮಠದಿಂದ ತಂದ ವಿಭೂತಿಯ ಗಟ್ಟಿ ಶಿವರಾತ್ರಿಗೆ ಇನ್ನೂ ಎಂಟು ದಿನ ಇರುವಾಗಲೇ ಸವೆದು ಅಡಿಕೆಯಷ್ಟಾಗಿತ್ತು. ಮನೆಯಲ್ಲಿ ಇದ್ದದ್ದು ಐದು ಹಣೆ. ಅಂಥದೊಂದು ಗಟ್ಟಿ ನಾಲ್ಕು ತಿಂಗಳಾದರೂ ಬಾಳಬೇಕು. ಗುಂಡಮ್ಮ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಬಾಳುತ್ತಲೇ ಬಂದಿತ್ತು. ಆಕೆ ಮೊದಲು ಇಲಿಯ ಮೇಲೆ ಸಂಶಯಪಟ್ಟಳು. ಆಮೇಲೆ ಮೊಮ್ಮಗ ಶಿವರಾಜಪ್ಪನ ಮೇಲೆ. ಒಂದು ಬೆಳಿಗ್ಗೆ ಪೂಜೆಗೆ ಕೂತು ಕೈ ಚಾಚಿದರೆ ಗಟ್ಟಿಯೇ ಇರಲಿಲ್ಲ. ಹುಡುಕುತ್ತ ಬೀಸುವ ಕಲ್ಲಿನ ಕೋಣೆಗೆ ಹೋದಾಗ, ಮಾಳಿಗೆಯ ಬೆಳಕಿಂಡಿಯ ಕೆಳಗೆ ಮೊಮ್ಮಗಳು ಕಸ್ತೂರಿಬಾಯಿ ಒಡೆದ ಕನ್ನಡಿಯ ಚೂರು ಹಿಡಿದು ಕೂತಿದ್ದಳು. ಮೇಲ್ದುಟಿ, ಗಲ್ಲ ಎಲ್ಲ ಬೆಳ್ಳಗಾಗಿತ್ತು.

ಮುಖದ ಕೂದಲು ಕೀಳುವಾಗ ಜಾರದಂತೆ ಬೆರಳಿಗೆ ಹಿಡಿತ ಕೊಡುವುದು ಬೂದಿಯ ಗುಣ. ಇದನ್ನು ಕಸ್ತೂರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಹತ್ತೊಂಬತ್ತರವರೆಗೆ ತಾನೇ ಒಂದೊಂದಾಗಿ ಮಾಡಿ ನೋಡಿ ಕಂಡುಕೊಂಡಿದ್ದಳು. ಬರಿಗೈಗೆ ಹತ್ತು ಎಳೆದರೆ ನಾಲ್ಕು ಬರುತ್ತಿದ್ದವು; ವಿಭೂತಿ ಹಚ್ಚಿಕೊಂಡರೆ ಎಂಟು.

“ಶಿವನ ಪ್ರಸಾದಾ ಇದು,” ಎಂದಳು ಗುಂಡಮ್ಮ. “ಹಣಿಗಿ ಹಚ್ಚೂದು ಮೀಸಿಗಿ ಹಚ್ಚಲಾಕ ಯಾರ್ ಹೇಳ್ಯಾರ ನಿನಗ?”

“ಒಲಿ ಬೂದಿ ಹಚ್ಚಿದ್ರ ಉರೀತದ ಆಯಿ.”

“ಉರೀಲಿ. ಪಾಪದಕಿಂತ ಉರೀ ಛಲೋ.”

ಮಧ್ಯಾಹ್ನ ಊಟಕ್ಕೆ ಕೂತಾಗ ಸುದ್ದಿ ತಾಟುಗಳ ನಡುವೆ ಬಂತು. ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿಸಿಕೊಳ್ಳುತ್ತಿದ್ದ ಶಿವರಾಜಪ್ಪನಿಗೆ ಹದಿನಾರು ವರ್ಷ. ಅವನ ತುಟಿಯ ಮೇಲೆ ಇನ್ನೂ ಏನೂ ಮೂಡಿರಲಿಲ್ಲ. “ದಾದಾ, ನಾಳೆ ಧೊಂಡಿಬಾನ ಅಂಗಡಿಗಿ ನನ್ ಕೂಡ ಬಾ,” ಎಂದ ಅಕ್ಕನಿಗೆ. “ನನಗ ತಲಿ, ನಿನಗ ಗಡ್ಡ.”

ಬಸವಣ್ಣೆಪ್ಪ ನಕ್ಕ. ಹೆಂಡತಿ ಸುಮಿತ್ರಾಬಾಯಿ ಪಲ್ಯದ ಸೌಟನ್ನು ಪಾತ್ರೆಗೆ ಬಡಿದದ್ದು ಕೇಳಿ ನಗುವುದನ್ನು ನಿಲ್ಲಿಸಿದ. ಕಸ್ತೂರಿ ತಲೆ ಎತ್ತಲಿಲ್ಲ. ‘ದಾದಾ’, ಎಂದರೆ ಅಣ್ಣ, ಎಂಬುದು ಹಿಂದಿನ ಆಷಾಢದಿಂದ ಆ ಮನೆಯಲ್ಲಿ ಉಳಿದುಕೊಂಡ ಹೆಸರು.

ಆ ಆಷಾಢದಲ್ಲಿ ರಜಾಕಾರರ ಹೆದರಿಕೆಗೆ ಭಾಲ್ಕಿಯ ಅರ್ಧ ಪೇಟೆ ಬಾಗಿಲು ಹಾಕಿತ್ತು. ಬಸವಣ್ಣೆಪ್ಪ ತನ್ನ ಬಟ್ಟೆ ಅಂಗಡಿಗೆ ಬೀಗ ಜಡಿದು, ಮನೆಮಂದಿಯನ್ನು ಹೆಂಡತಿಯ ತವರಾದ ಔರಾದ ಸೀಮೆಯ ಚಿಂತಾಕಿಗೆ ಸಾಗಿಸಲು ಗಾಡಿ ಹೂಡಿಸಿದ. ಹೊರಡುವ ಹೊತ್ತಿಗೆ ಗಾಡಿಯಾಳು ನಾಪತ್ತೆ. ಬಸವಣ್ಣೆಪ್ಪ ಗಜಕಡ್ಡಿ ಹಿಡಿದವನೇ ಹೊರತು ಹಗ್ಗ ಹಿಡಿದವನಲ್ಲ. ಸೋದರಮಾವನ ಹೊಲದಲ್ಲಿ ಎತ್ತು ಹೊಡೆದು ಗೊತ್ತಿದ್ದವಳು ಕಸ್ತೂರಿ ಒಬ್ಬಳೇ. ತಾಯಿ ಅವಳ ಜಡೆ ಕತ್ತರಿಸಿದಳು, ತಂದೆಯ ಧೋತರ ಉಡಿಸಿದಳು, ತಲೆಗೆ ರುಮಾಲು ಸುತ್ತಿದಳು. ಮುಖಕ್ಕೆ ಏನೂ ಮಾಡಬೇಕಾಗಲಿಲ್ಲ. ಶಿವರಾಜಪ್ಪ ಹೆದರಿ ಜೋಳದ ಚೀಲಗಳ ಅಡಿಯಲ್ಲಿ ಅಡಗಿ ಮಲಗಿದ. ತಂದೆ ಹೆಂಗಸರ ಜೊತೆ ಹಿಂದೆ ಕೂತ.

ಊರ ಹೊರಗೆ ರಜಾಕಾರರು ತಪಾಸಣೆಗೆ ಹಾಕಿದ್ದ ನಾಕಾದಲ್ಲಿ ಬಂದೂಕಿನವನೊಬ್ಬ ಗಾಡಿ ತಡೆದ. ಕೋಲಿನ ತುದಿಯಿಂದ ಅವಳ ಗದ್ದ ಎತ್ತಿ ನೋಡಿದ. ಅವನ ಹಿಂದೆ ನಿಂತವರಲ್ಲಿ ದರ್ಜಿ ನಬೀಸಾಬ ಇದ್ದ. ದರ್ಜಿ ಓಣಿಯ ಪ್ರತಿ ಮನೆಯಿಂದ ಒಬ್ಬ ಗಂಡಸು ನಾಕಾಕ್ಕೆ ಬರಲೇಬೇಕೆಂದು ಹುಕುಂ ಆಗಿತ್ತು. ಕಸ್ತೂರಿ ಎಂಟು ವರ್ಷದವಳಿದ್ದಾಗಿನಿಂದ ಅವಳ ಕುಪ್ಪಸಗಳನ್ನು ಹೊಲಿದವನು ಅವನೇ. ಅವನು ಅವಳ ಮುಖವನ್ನು ಸರಿಯಾಗಿ ನೋಡಿದ, ಗುರುತು ಹಿಡಿದ. ಆಮೇಲೆ ಬಂದೂಕಿನವನಿಗೆ, “ಜಾನೆ ದೇವ್ ಮಿಯಾಂ, ಬಸವಣ್ಣೆಪ್ಪ ಸೇಠ ಕಾ ಬಡಾ ಛೋರಾ ಹೈ,” ಎಂದ.

ಬಸವಣ್ಣೆಪ್ಪನಿಗೆ ದೊಡ್ಡ ಮಗ ಎಂಬವನೇ ಇರಲಿಲ್ಲ. ಗಾಡಿ ಮುಂದೆ ಹೋಯಿತು.

ಚಿಂತಾಕಿ ಮುಟ್ಟಿದ ದಿನ ಗುಂಡಮ್ಮ ಮೊಮ್ಮಗಳ ಮುಖ ಸವರಿ ನೆಟಿಗೆ ಮುರಿದಿದ್ದಳು. ದೇವರು ಕಾರಣವಿಲ್ಲದೆ ಏನನ್ನೂ ಕೊಡುವುದಿಲ್ಲ ಎಂದು ಸೊಸೆಯ ತವರುಮನೆಯವರ ಮುಂದೆ ಹೇಳಿದ್ದಳು. ಭಾದ್ರಪದದಲ್ಲಿ ಹಿಂದೂಸ್ತಾನದ ಫೌಜು ಬಂತು, ನಿಜಾಮರ ರಾಜ್ಯ ಮುಗಿಯಿತು, ಇವರು ಭಾಲ್ಕಿಗೆ ಮರಳಿದರು. ನಾಕಾದಲ್ಲಿ ನಿಂತವರೆಂದು ಊರವರು ತೋರಿಸಿದವರನ್ನೆಲ್ಲ ಹಿಡಿದು ಬೀದರಿನ ಜೇಲಿಗೆ ಹಾಕಿದರು. ನಬೀಸಾಬನೂ ಅವರಲ್ಲಿ ಒಬ್ಬ. ಕಸ್ತೂರಿಯ ಜಡೆ ಬೆನ್ನಿಗಿಳಿಯುವಷ್ಟು ಬೆಳೆಯುವುದರೊಳಗೆ ವರ ಹುಡುಕುವ ಮಾತು ಬಂತು. ಅದರ ಜೊತೆಗೆ ದೇವರು ಕೊಟ್ಟದ್ದು ಮತ್ತೆ ಪೀಡೆಯಾಯಿತು.

ಆ ಮಧ್ಯಾಹ್ನದ ಊಟದಲ್ಲೇ ಬಸವಣ್ಣೆಪ್ಪ ಹೇಳಿದ: ಔರಾದಿನ ಮಡೆಪ್ಪನವರು ಶಿವರಾತ್ರಿ ಮುಗಿದ ಮೇಲೆ ಕನ್ಯೆ ನೋಡಲು ಬರುತ್ತಾರೆ. ಹೊಲಮನೆ ಉಳ್ಳವರು, ಸತ್ಯಾಗ್ರಹದಲ್ಲಿ ಜೇಲು ಕಂಡವರು. ಹುಡುಗ ಸಾಲಿ ಮಾಸ್ತರ. ಹಿಂದೆ ಬಂದ ಎರಡು ಮನೆಯವರು ಅಂಗಳದಲ್ಲೇ ಹುಡುಗಿಯ ಮುಖ ಕಂಡು, ಅವಲಕ್ಕಿ ತಿಂದು, ಆಮೇಲೆ ಜಾತಕದ ನೆಪ ಹೇಳಿ ಕಳಿಸಿದ್ದರು. ಮೂರನೆಯವರೂ ಹಾಗೇ ಹೋದರೆ ಸುತ್ತಿನ ಹತ್ತೂರಿನಲ್ಲಿ ಕೇಳುವವರಿರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮರುದಿನ ಸುಮಿತ್ರಾಬಾಯಿ ಸೆರಗು ಹೊದ್ದು ದರ್ಜಿ ಓಣಿಗೆ ಹೋದಳು. ನಬೀಸಾಬನ ಹೆಂಡತಿ ಮರಿಯಮಬೀ ತನ್ನ ಓಣಿಯ ಮದುವಣಗಿತ್ತಿಯರಿಗೆ ಹರತಾಳ-ಸುಣ್ಣದ ಲೇಪ ಹಚ್ಚಿ ಮೈಯ ಕೂದಲು ತೆಗೆಯುವುದರಲ್ಲಿ ನುರಿತ ಕೈ. ಅವಳು ಹಿತ್ತಲ ಬಾಗಿಲಿನಿಂದ ಬಂದಳು. ಮುಂಬಾಗಿಲಿನಿಂದ ಬಂದು ಆರು ತಿಂಗಳಾಗಿತ್ತು. ಹಳದಿ ಹರತಾಳದ ಪುಡಿಯ ಪೊಟ್ಟಣ ಬಿಚ್ಚಿ, ಮಾಡುವ ರೀತಿ ವಿವರಿಸಿದಳು: ಹರತಾಳ ಒಂದು ಪಾಲು, ಸುಣ್ಣ ಆರು ಪಾಲು, ನೀರು ಮಜ್ಜಿಗೆಯಷ್ಟು ತೆಳ್ಳಗೆ. ಒಂದು ಕೋಳಿಪುಚ್ಚ ಅದರಲ್ಲಿ ಅದ್ದಿ ತೆಗೆದು ಎರಡು ಬೆರಳಿಂದ ಎಳೆಯಬೇಕು. ಎಸಳು ಉದುರಿ ಬರೀ ಕಡ್ಡಿ ಉಳಿದರೆ ಹದ ಬಂತು. ಪುಚ್ಚ ಕರಗಿ ಮುದ್ದೆಯಾದರೆ ಖಾರ ಹೆಚ್ಚಾಯಿತು, ನೀರು ಬೆರೆಸಬೇಕು. ಮುಖಕ್ಕೆ ಹಚ್ಚಿ ನೂರು ಎಣಿಸಿ ತೊಳೆದುಬಿಡಬೇಕು.

“ಕೋಳಿಪುಚ್ಚ ಈ ಹೊಸ್ತಿಲಾ ದಾಟೂದಿಲ್ಲ,” ಎಂದಳು ಗುಂಡಮ್ಮ ಒಳಗಿನಿಂದ.

“ಹಂಗಾದ್ರ ಹುಡುಗೀನ ನಮ್ಮ ಮನಿಗಿ ಕಳಸ್ರಿ ಅಮ್ಮಾ. ಅಲ್ಲೇ ಹದಾ ನೋಡಿ ಹಚ್ಚಿ ಕಳಸ್ತೇನಿ.”

“ಕನ್ಯಾ ನೋಡ್ಲಾಕ ಬರೂ ಹೊತ್ತಿನಾಗ ದರ್ಜಿ ಓಣಿಗಿ ಕಳಸಬೇಕೇನು? ಔರಾದಿನವರ ಕಿವಿಗಿ ಬಿದ್ರ?”

ಮರಿಯಮಬೀ ಪೊಟ್ಟಣ ಅಲ್ಲೇ ಬಿಟ್ಟು ಎದ್ದಳು. ಹೋಗುವಾಗ ಬಂದ ಇನ್ನೊಂದು ಕೆಲಸ ನೆನಪು ಮಾಡಿದಳು. ಯುಗಾದಿ ಕಳೆದ ಮೊದಲ ಸೋಮವಾರ ಬೀದರಿನಲ್ಲಿ ನಬೀಸಾಬನ ವಿಚಾರಣೆ ಇತ್ತು. ನಾಕಾದಲ್ಲಿ ಆತ ಮಾಡಿದ್ದೇನು ಎಂದು ಅಲ್ಲಿದ್ದ ಒಬ್ಬ ಹಿಂದೂ ವ್ಯಾಪಾರಿ ಬಂದು ಹೇಳಿದರೆ ಬಿಡುಗಡೆಯಾಗುತ್ತದೆ ಎಂದು ವಕೀಲ ಹೇಳಿದ್ದ. ಅಂಗಳದಲ್ಲಿ ಕೈ ತೊಳೆಯುತ್ತಿದ್ದ ಬಸವಣ್ಣೆಪ್ಪ, “ಬರ್ತೇನಿ. ಅದರಾಗ ಕೇಳೂದೇನದ?” ಎಂದ. ಅದು ಅವನು ಮನಸಾರೆ ಹೇಳಿದ ಮಾತೇ ಆಗಿತ್ತು.

ಕೋಳಿಪುಚ್ಚದ ಬದಲು ಗುಂಡಮ್ಮ ದೇವರ ಜಗಲಿಯ ಮೇಲಿದ್ದ ನವಿಲುಗರಿ ತಂದುಕೊಟ್ಟಳು. ಪುಚ್ಚ ಪುಚ್ಚವೇ, ಇದಾದರೆ ಮಡಿ ಎಂದಳು. ನವಿಲುಗರಿಯ ಎಸಳು ಕೋಳಿಯದಕ್ಕಿಂತ ಒರಟು, ಕಡ್ಡಿಗೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಮರಿಯಮಬೀ ಹೇಳಿದ ಅಳತೆಯ ಲೇಪ ಅದನ್ನು ಅಲುಗಿಸಲಿಲ್ಲ. ಹದ ಬಂದಿಲ್ಲವೆಂದು ಸುಮಿತ್ರಾಬಾಯಿ ಸುಣ್ಣ ಹೆಚ್ಚಿಸಿದಳು. ಮತ್ತೆ ಅದ್ದಿದಳು, ಮತ್ತೆ ಹೆಚ್ಚಿಸಿದಳು. ಮೂರನೆಯ ಸಲಕ್ಕೆ ಎಸಳು ಉದುರಿತು. ಅತ್ತೆ ಸೊಸೆ ಇಬ್ಬರಿಗೂ ಸಮಾಧಾನವಾಯಿತು. ತುಟಿಯ ಎಡಭಾಗಕ್ಕೆ ಮೊದಲು ಹಚ್ಚಿದರು.

ಕಸ್ತೂರಿ ಎಣಿಸತೊಡಗಿದಳು. ಇಪ್ಪತ್ತಕ್ಕೆ ಚುರುಕು, ನಲವತ್ತಕ್ಕೆ ಕೆಂಡ. “ಅವ್ವಾ, ಸುಡಲಾಕತ್ತದ,” ಎಂದಳು.

“ಸುಟ್ರನ ಹೋಗ್ತದ ಅದು. ನೂರಾಗಲಿ.”

ಅರವತ್ತಾರಕ್ಕೆ ಅವಳು ಎದ್ದು ಹಂಡೆಯತ್ತ ಓಡಿದಳು. ತೊಳೆದಾಗ ಕೂದಲಿನ ಜೊತೆ ಚರ್ಮವೂ ಬಂತು.

ಸಂಜೆ ಮರಿಯಮಬೀ ಓಡಿಬಂದು ನೋಡಿ, ಯಾವ ಪುಚ್ಚದಿಂದ ಹದ ನೋಡಿದಿರಿ ಎಂದು ಕೇಳಿದಳು. ಜಗಲಿಯ ಕೆಳಗೆ ಬಿದ್ದಿದ್ದ ಬೋಳು ಕಡ್ಡಿ ಅವಳ ಕಣ್ಣಿಗೆ ತಾನೇ ಬಿತ್ತು. ಅವಳು ಅದನ್ನು ಎತ್ತಿ ನೋಡಿ ಕೆಳಗಿಟ್ಟಳು. ತುಪ್ಪ ಹಚ್ಚಿ, ಗಾಳಿಗೆ ಬಿಡಿ, ಮುಚ್ಚಬೇಡಿ ಎಂದಷ್ಟೇ ಹೇಳಿ ಹೋದಳು.

ಮಗಳಿಗೆ ಜ್ವರವೆಂದು ಔರಾದಿಗೆ ಹೇಳಿಕಳಿಸಿ ಬರುವಿಕೆಯನ್ನು ಹೋಳಿಯ ಆಚೆಗೆ ದೂಡಿದರು. ಗಾಯ ಮಾಯಿತು. ಮಾಯ್ದ ಜಾಗ ಹೆಬ್ಬೆರಳಿನಗಲ ಬೆಳ್ಳಗೆ, ನುಣ್ಣಗೆ ಉಳಿಯಿತು. ಅಲ್ಲಿ ಮತ್ತೆ ಒಂದು ಕೂದಲೂ ಹುಟ್ಟಲಿಲ್ಲ. ಬಲಭಾಗದಲ್ಲಿ ಮಾತ್ರ ಮೊದಲಿನಂತೆಯೇ ಹುಟ್ಟುತ್ತಿತ್ತು. ಗುಂಡಮ್ಮ ಈಗ ವಿಭೂತಿಯ ವಿಷಯಕ್ಕೆ ಬಾಯಿ ಬಿಡುತ್ತಿರಲಿಲ್ಲ. ಹೊಸ ಗಟ್ಟಿಯನ್ನು ತಾನೇ ಬೀಸುವ ಕಲ್ಲಿನ ಕೋಣೆಯ ಗೋಡೆಯಲ್ಲಿದ್ದ ಮಾಡದಲ್ಲಿಟ್ಟು ಹೋಗುತ್ತಿದ್ದಳು.

ಔರಾದಿನಿಂದ ಮಡೆಪ್ಪ, ಹೆಂಡತಿ, ಮಗ ಮೂವರೂ ಬಂದರು. ಕೇಳಿದರೆ ಎಣ್ಣೆ ಸಿಡಿದದ್ದು ಎನ್ನಬೇಕೆಂದು ಸುಮಿತ್ರಾಬಾಯಿ ಎಲ್ಲರಿಗೂ ಹೇಳಿಕೊಟ್ಟಿದ್ದಳು. ಕಸ್ತೂರಿ ಕುಂಕುಮ ಹಚ್ಚಿಸಿಕೊಳ್ಳಲು ಮುಖ ಎತ್ತಿದಾಗ ಮಡೆಪ್ಪನ ಹೆಂಡತಿಯ ಕೈ ಅಲ್ಲೇ ನಿಂತಿತು. ಎಣ್ಣೆ ಸಿಡಿದದ್ದು ಎಂದಳು ಸುಮಿತ್ರಾಬಾಯಿ.

“ಎಣ್ಣಿ ಸಿಡಿದ್ರ ಹನಿ ಹನಿ ಆಗ್ತದರಿ,” ಎಂದಳು ಮಡೆಪ್ಪನ ಹೆಂಡತಿ. “ಇದು ಪಟ್ಟಿ ಆಗ್ಯದ. ತೊನ್ನು ಅಲ್ಲಲಾ?”

ತೊನ್ನು ಎಂಬ ಮಾತು ಒಂದು ಮನೆಯಲ್ಲಿ ಹುಟ್ಟಿದರೆ ಆ ಮನೆಯ ಮೂರು ತಲೆಮಾರಿಗೆ ಸಂಬಂಧ ಸಿಗುವುದಿಲ್ಲ. ಬಸವಣ್ಣೆಪ್ಪ ಏನಾದರೂ ಹೇಳುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಶಿವರಾಜಪ್ಪ, “ತೊನ್ನಲ್ರಿ, ರಜಾಕಾರರು ಸುಟ್ಟದ್ದರಿ,” ಎಂದ. “ಆಷಾಢದಾಗ ನಾಕಾದ ಮ್ಯಾಲ ನಮ್ಮ ಗಾಡಿ ತಡದು, ಅಕ್ಕನ ಮುಖಕ್ಕ ಕೊಳ್ಳಿ ಹಿಡದ್ರರಿ.”

ಮಡೆಪ್ಪ ತಲೆಯ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಇಂಥ ಹುಡುಗಿಯ ಮುಖದ ಕಲೆ ಎಣಿಸುವ ಮನೆತನ ತನ್ನದಲ್ಲ, ಅವಳು ತನ್ನ ಹೊಸ್ತಿಲು ತುಳಿದರೆ ಅದು ತನಗೇ ಗೌರವ ಎಂದ. ಅದರಲ್ಲಿ ನಟನೆ ಇರಲಿಲ್ಲ. ಆಮೇಲೆ ಕೇಳಿದ, “ಯಾರವ ಅಂವ? ಹೆಸರ್ ಗೊತ್ತದೇನು?”

ಚೀಲದಡಿಯಲ್ಲಿ ಮಲಗಿದ್ದ ಶಿವರಾಜಪ್ಪನಿಗೆ ಆ ದಿನ ಕೇಳಿಸಿದ್ದ ದನಿಗಳಲ್ಲಿ ಗುರುತಿದ್ದದ್ದು ಒಂದೇ. “ನಬೀಸಾಬರಿ. ದರ್ಜಿ,” ಎಂದ.

ಬಸವಣ್ಣೆಪ್ಪ ಬಾಯಿ ತೆರೆದ. ಎದುರಿಗೆ ತಾಂಬೂಲದ ತಟ್ಟೆ ಇತ್ತು. ಬಾಯಿ ಮುಚ್ಚಿಕೊಂಡ.

ನಬೀಸಾಬ ಈಗ ಬೀದರಿನ ಜೇಲಿನಲ್ಲಿದ್ದಾನೆಂದು ತಿಳಿದ ಮಡೆಪ್ಪ, ವಿಚಾರಣೆಯ ದಿನ ತಾನೇ ಬರುತ್ತೇನೆ, ಬೀಗರಿಬ್ಬರೂ ಕೂಡಿಯೇ ಹೇಳಿಕೆ ಕೊಡೋಣ ಎಂದ. ಬೀಗರು ಎಂದಾಗ ಸುಮಿತ್ರಾಬಾಯಿ ಒಳಗೆ ಹೋಗಿ ಸಕ್ಕರೆ ತಂದಳು. ಎಲ್ಲರ ಅಂಗೈಗೂ ಬಿತ್ತು. ಕಸ್ತೂರಿಯೂ ತಿಂದಳು. ಮೂರನೆಯವರು ಎದ್ದು ಹೋಗಲಿಲ್ಲ ಎಂಬುದೊಂದೇ ಆಗ ಅವಳ ತಲೆಯಲ್ಲಿತ್ತು. ಮಾಸ್ತರ ಒಮ್ಮೆ ಅವಳನ್ನು ನೋಡಿ ನೆಲ ನೋಡಿದ್ದ. ಒಳ್ಳೆಯ ಕಣ್ಣು.

ಬಾವಿಯ ರಾಟೆಯ ಹಗ್ಗ ಹಿಡಿದು ನೀರು ಸೇದುವಾಗ, ಮರುದಿನ, ತಾನು ಏನು ತಿಂದೆ ಎಂಬುದು ಅವಳಿಗೆ ತಿಳಿಯಿತು. ಹಿತ್ತಲ ಗೋಡೆಯ ಆಚೆ ಮರಿಯಮಬೀ ನಿಂತು, ವಿಚಾರಣೆಯ ಸೋಮವಾರ ಸೇಠರು ಯಾವ ರೈಲಿಗೆ ಹೊರಡುತ್ತಾರೆ, ತಾನೂ ಅದಕ್ಕೇ ಬರುತ್ತೇನೆ ಎಂದು ಕೇಳುತ್ತಿದ್ದಳು.

ಅಂದಿನಿಂದ ಕಸ್ತೂರಿ ಮಾಡದಲ್ಲಿದ್ದ ಗಟ್ಟಿಯನ್ನು ಮುಟ್ಟಲಿಲ್ಲ. ಎಂಟು ದಿನಕ್ಕೆ ತುಟಿಯ ಬಲಭಾಗ ಕಪ್ಪಿಟ್ಟಿತು, ಗದ್ದದ ಮೇಲೆ ಎಳೆಗಳು ಎದ್ದವು. ಯುಗಾದಿಯ ಹೋಳಿಗೆ ಬಡಿಸುವಾಗ ತಾಯಿ ಅದನ್ನು ನೋಡಿ ತಾಟು ಕುಕ್ಕಿದಳು. ಲಗ್ನಕ್ಕೆ ಇನ್ನು ಆರು ವಾರವಿದೆ, ಔರಾದಿನವರು ಸೀರೆ ತರುವುದಕ್ಕೆಂದು ಯಾವ ದಿನ ಬರುತ್ತಾರೋ ಗೊತ್ತಿಲ್ಲ, ಇದೇನು ಹಟ ಎಂದಳು.

“ಅಪ್ಪಾ ಸೋಮವಾರ ಬೀದರಿಗಿ ಹೋಗಿ ಖರೇ ಹೇಳ್ತಾನಂದ್ರ ಇವತ್ತ ಕಿತ್ತಿ ಒಗೀತೇನಿ.”

ಬಸವಣ್ಣೆಪ್ಪ ಹೋಳಿಗೆ ಮುರಿಯುವುದನ್ನು ನಿಲ್ಲಿಸಲಿಲ್ಲ. “ನಾ ಹೋಗೂದೇ ಇಲ್ಲ. ಅವನ ಕಡಿಗೂ ಇಲ್ಲ, ಅವನ ಮ್ಯಾಲೂ ಇಲ್ಲ. ಮೈಯಾಗ ಆರಾಮಿಲ್ಲಂತ ಹೇಳಿ ಕಳಸ್ತೇನಿ. ನಾ ಸುಮ್ಮ ಕೂತ್ರ ಯಾರಿಗಿ ಏನ್ ನುಕಸಾನ?”

“ಮಡೆಪ್ಪನವರು ಸುಮ್ಮ ಕೂಡ್ತಾರೇನ?”

“ಅದು ಅವರ ಮಾತು.”

“ಮಾತು ನಮ್ಮ ಮನ್ಯಾಗ ಹುಟ್ಟ್ಯದ ಅಪ್ಪಾ. ಆವತ್ತ ನಬೀಸಾಬ ಒಂದ್ ಮಾತ್ ಬ್ಯಾರೇ ಅಂದಿದ್ರ, ಇಷ್ಟೊತ್ತಿಗಿ ನಾ ಎಲ್ಲಿರ್ತಿದ್ದೆ?”

ಶಿವರಾಜಪ್ಪ, ಅಕ್ಕನಿಗೆ ಲಗ್ನ ಬೇಡವಾಗಿದ್ದರೆ ಅದನ್ನಾದರೂ ನೇರ ಹೇಳಲಿ ಎಂದು ಗೊಣಗಿದ. ಈ ಸಲ ದಾದಾ ಎನ್ನಲಿಲ್ಲ. ಕಸ್ತೂರಿ ಅವನತ್ತ ತಿರುಗಿ, ಬೇಕು ಎಂದಳು. ತನಗೆ ಆ ಲಗ್ನ ಬೇಕು ಎಂದು ಎಲ್ಲರ ಮುಂದೆ, ತಂದೆಯ ಎದುರಿಗೇ ಹೇಳಿದಳು. ಅಂಥ ಮಾತು ಆ ಮನೆಯ ಹುಡುಗಿಯೊಬ್ಬಳು ಆಡಿದ್ದು ಅದೇ ಮೊದಲು. ಹೋಳಿಗೆ ಉಳಿಯಿತು, ಸಂಜೆ ಅದನ್ನು ಎಮ್ಮೆಗೆ ಹಾಕಿದರು.

ಆ ಸೋಮವಾರ ಬೆಳಿಗ್ಗೆ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹಿತ್ತಲ ಬಾಗಿಲು ತೆರೆದಾಗ, ಗುಂಡಮ್ಮ ಕೋಲು ಹಿಡಿದು ಹೊಸ್ತಿಲ ಮೇಲೆ ಕೂತಿದ್ದಳು. ತಡೆಯಲೆಂದೇ ಕೂತಿದ್ದಾಳೆ ಎಂದುಕೊಂಡಳು ಕಸ್ತೂರಿ.

“ಒಬ್ಬಾಕೀ ಹ್ಯಾಂಗ ಹೋಗ್ತೀ?” ಎಂದಳು ಮುದುಕಿ. “ನಡಿ, ನಾನೂ ಬರ್ತೇನಿ. ನವಿಲಗರಿ ನಂದು.”

ರೈಲಿನಲ್ಲಿ ಮರಿಯಮಬೀ ಎದುರಿನ ಹಲಗೆಯ ಮೇಲೆ ಬುರ್ಖಾ ಹಾಕಿ ಕೂತಿದ್ದಳು. ಸೇಠರು ಎಲ್ಲಿ ಎಂದು ಅವಳು ಕೇಳಲಿಲ್ಲ. ಕಸ್ತೂರಿಯ ತುಟಿಯನ್ನು ಒಮ್ಮೆ ನೋಡಿದಳು, ಆಮೇಲೆ ಬೀದರ ಬರುವವರೆಗೆ ಕಿಟಕಿಯ ಹೊರಗೆ ನೋಡಿದಳು. ಗುಂಡಮ್ಮ ತನ್ನ ಗಂಟು ಬಿಚ್ಚಿ ರೊಟ್ಟಿ ಮೂರು ಪಾಲು ಮಾಡಿದಳು. ಒಂದನ್ನು ಮುಟ್ಟಿಸಿಕೊಳ್ಳದಂತೆ ಮೇಲಿನಿಂದ ಮರಿಯಮಬೀಯ ಉಡಿಗೆ ಹಾಕಿದಳು. ಅಷ್ಟು ದೂರ ಬಂದಿದ್ದಳು, ಅದಕ್ಕಿಂತ ಮುಂದೆ ಬರಲಾಗಲಿಲ್ಲ.

ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಮಡೆಪ್ಪ ಆಗಲೇ ಬಂದು ಕೂತಿದ್ದ. ಬೀಗರು ಯಾಕೆ ಬರಲಿಲ್ಲ ಎಂದು ಕೇಳುತ್ತಲೇ ಅವರ ಹಿಂದೆ ಒಳಗೆ ಬಂದು ಒಂದು ಕುರ್ಚಿಯ ಮೇಲೆ ಕೂತ. ಒಳಗೆ ಕಟಕಟೆಯ ಹತ್ತಿರ ನಬೀಸಾಬ ನಿಂತಿದ್ದ. ಅಂಗಿಯೊಳಗೆ ಅರ್ಧ ಆಳು ಮಾತ್ರ ಉಳಿದಿತ್ತು. ಅಧಿಕಾರಿ ಬೇರೆ ಸೀಮೆಯವನು. ಕಾರಕೂನ ಕೇಳಿ ಹೇಳಿ ತರ್ಜುಮೆ ಮಾಡುತ್ತಿದ್ದ.

ಕಸ್ತೂರಿ ನಡೆದದ್ದನ್ನು ಕ್ರಮವಾಗಿ ಹೇಳಿದಳು: ಜಡೆ, ಧೋತರ, ರುಮಾಲು, ಕೋಲಿನ ತುದಿ, ನಬೀಸಾಬ ಆಡಿದ ಮಾತು. ಅಧಿಕಾರಿ ತಲೆ ಅಲ್ಲಾಡಿಸಿದ. ಬಂದೂಕು ಹಿಡಿದವನು ಹುಡುಗಿಯನ್ನು ಹತ್ತಿರದಿಂದ ನೋಡಿಯೂ ಹುಡುಗನೆಂದು ನಂಬಿದ ಎಂದರೆ ತಾನು ಹೇಗೆ ಬರೆದುಕೊಳ್ಳಲಿ ಎಂದು ಕೇಳಿಸಿದ.

ಅವಳು ಬಾಯಿಗೆ ಅಡ್ಡವಿದ್ದ ಸೆರಗನ್ನು ಬಿಟ್ಟಳು.

ಕಾರಕೂನನಿಗೆ ನಗು ಬಂತು, ಕೆಮ್ಮಿ ನುಂಗಿಕೊಂಡ. ಬಾಗಿಲಲ್ಲಿದ್ದ ಸಿಪಾಯಿ ನುಂಗಿಕೊಳ್ಳಲಿಲ್ಲ. ಅಧಿಕಾರಿ ನಗಲಿಲ್ಲ. ಮುಂದಕ್ಕೆ ಬಾಗಿ, ಕಾಗದ ನೋಡುವಂತೆ ಅವಳ ಮುಖ ನೋಡಿ, ಎಡಗಡೆ ಕೂದಲೇ ಇಲ್ಲವಲ್ಲ ಎಂದ.

“ಎಡಗಡಿದು ಕನ್ಯಾ ತೋರಸಲಾಕ ಮನ್ಯಾಗ ಸುಣ್ಣ ಹಚ್ಚಿ ಸುಟ್ಟದ್ದರಿ,” ಎಂದಳು ಕಸ್ತೂರಿ. “ಯಾ ರಜಾಕಾರನೂ ಸುಟ್ಟಿಲ್ಲ. ಬಲಗಡಿದು ಆವತ್ತ ಹ್ಯಾಂಗಿತ್ತೋ ಹಾಂಗೇ ಅದರಿ. ಅದನ್ನ ನೋಡಿ ಬರಕೋರಿ.”

ಕಾರಕೂನ ಬರೆದುಕೊಂಡು ಓದಿ ಹೇಳಿದ. ಅವಳು ಸಹಿ ಮಾಡಿದಳು. ತಿರುಗಿ ನೋಡುವಾಗ ಮಡೆಪ್ಪ ಕೂತಿದ್ದ ಕುರ್ಚಿ ಖಾಲಿ ಇತ್ತು. ಹೊರಗೆ ಬೇವಿನ ಮರದಡಿ ಟೋಪಿ ಸರಿಪಡಿಸಿಕೊಳ್ಳುತ್ತ ಅವನು ನಿಂತಿದ್ದ. ಬೈಯಲಿಲ್ಲ. ಗುಂಡಮ್ಮನಿಗೆ ಕೈ ಮುಗಿದ. “ನಮಗ ಸುಳ್ಳ ಹೇಳಿದ್ರಿ ಅಮ್ಮಾ,” ಎಂದು ಹೇಳಿ ಬಸ್ಸಿನ ಕಡೆ ನಡೆದ. ಮೀಸೆಯ ಮಾತನ್ನು ಅವನು ಎತ್ತಲೇ ಇಲ್ಲ. ಎತ್ತುವ ಅಗತ್ಯ ಅವನಿಗೆ ಇರಲಿಲ್ಲ.

ನಬೀಸಾಬ ಶ್ರಾವಣದಲ್ಲಿ ಬಿಡುಗಡೆಯಾಗಿ ಬಂದ. ಭಾಲ್ಕಿಯಲ್ಲಿ ಅವನ ಕೈಗೆ ಬಟ್ಟೆ ಕೊಡುವವರಿರಲಿಲ್ಲ. ಹೊಲಿಗೆಯ ಯಂತ್ರ ಹೇರಿಕೊಂಡು ಗಂಡಹೆಂಡಿರು ಹೈದರಾಬಾದಿಗೆ ಹೊರಟ ದಿನ ಅವರ ಟಾಂಗಾ ಬಸವಣ್ಣೆಪ್ಪನ ಅಂಗಡಿಯ ಮುಂದೆಯೇ ಹಾದುಹೋಯಿತು. ಬಸವಣ್ಣೆಪ್ಪ ಅಳೆದಾಗಿದ್ದ ಬಟ್ಟೆಯನ್ನೇ ತಲೆ ತಗ್ಗಿಸಿ ಮತ್ತೊಮ್ಮೆ ಅಳೆದ. ಟಾಂಗಾದಿಂದ ಯಾರೂ ಕರೆಯಲಿಲ್ಲ.

ಬೀದರಿನಲ್ಲಿ ಕಸ್ತೂರಿ ಸೆರಗು ಬಿಟ್ಟ ಸುದ್ದಿ ಅವರ ಟಾಂಗಾಕ್ಕಿಂತ ಮೊದಲೇ ಎಲ್ಲ ಊರುಗಳನ್ನು ಮುಟ್ಟಿತ್ತು. ಆಮೇಲೆ ಆ ಮನೆಗೆ ಕನ್ಯೆ ಕೇಳಿ ಯಾರೂ ಬರಲಿಲ್ಲ. ಸುಮಿತ್ರಾಬಾಯಿ ಮಗಳ ಜೊತೆ ಅಗತ್ಯದ ಮಾತಷ್ಟೇ ಆಡುತ್ತಿದ್ದಳು: ಹಿಟ್ಟು ಬೀಸು, ನೀರು ತಾ, ದೀಪ ಹಚ್ಚು. ಬೀಸುವ ಕಲ್ಲಿನ ಕೋಣೆಯಲ್ಲಿ ಈಗ ಹಿಟ್ಟು ಮಾತ್ರ ಬೀಸುತ್ತಿದ್ದರು. ಕನ್ನಡಿಯ ಚೂರು ಮಾಡದಲ್ಲಿ ಬೋರಲು ಬಿದ್ದಿತ್ತು. ಯುಗಾದಿಗೆ ತಂದ ವಿಭೂತಿಯ ಗಟ್ಟಿ ಆ ವರ್ಷ ದೀಪಾವಳಿಯವರೆಗೂ ಬಂತು.